ಅಮ್ಮನ ಫುಟ್‌ರೆಸ್ಟ್ ಮಡಚಲಿ

ನಿಮ್ಮ ಮನೆಯ ಬೈಕಿನ ಹಿಂದೆ ವಯಸ್ಸಾದವರು ಯಾರಾದರೂ ಕೂರುತ್ತಾರೆಯೇ? ಹಾಗಾದರೆ ಒಂದು ಗಳಿಗೆ ನಮ್ಮ ಮನೆಯ ಕಥೆ ಕೇಳಿ.

ನನ್ನ ಅಮ್ಮನ ಮಂಡಿ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸದಿದ್ದರೆ ಮಂಡಿ ಮಡಚುವುದೇ ಇಲ್ಲ ಎಂದಿದ್ದರು ಡಾಕ್ಟರು. ಬೈಕಿನ ಸಣ್ಣ ಫುಟ್‌ರೆಸ್ಟ್ ಮೇಲೆ ಅವಳ ಪಾದ ನಿಲ್ಲುತ್ತಿರಲಿಲ್ಲ. ನಮ್ಮನೆಯವರು ಗೇಟು, ಕಿಟಕಿ ಗ್ರಿಲ್ ಮಾಡುವವರು. ಬಿಟ್ಟರೆ ಲೋಕವನ್ನೇ ಬೆಸೆದುಬಿಡುವ ಮನುಷ್ಯ. ಅತ್ತೆಗೆ ತಾನೇ ಹೊಸದು ಮಾಡಿಕೊಡುತ್ತೇನೆಂದು ಹೊರಟರು.

ಎರಡು ಮಧ್ಯಾಹ್ನ ಶೆಡ್ಡಿನ ಗೋಡೆಯ ಮೇಲೆ ವೆಲ್ಡಿಂಗಿನ ನೀಲಿ ಬೆಳಕು ಮಿನುಗಿತು. ಅಮ್ಮ ಅದಕ್ಕೆ ಬೆನ್ನು ಹಾಕಿ ಬಾಗಿಲಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳು. ಬೈಕು ಗಾಳಿಯಲ್ಲಿ ತೇಲುತ್ತಿದೆ, ಕಾಲಿಗೆ ನೋವೇ ಇಲ್ಲ, ಹಾಗೆ ಕಾಣುತ್ತೆ ಕಣೇ ಎನ್ನುತ್ತಿದ್ದಳು. ಕೇಳುತ್ತ ಕೇಳುತ್ತ ನನಗೂ ಅದೇ ಕನಸು ಹತ್ತಿತು.

ಫುಟ್‌ರೆಸ್ಟ್ ಉದ್ದವಾಗಿ, ಅಂಗೈಯಗಲವಾಗಿ ತಯಾರಾಯಿತು. ಹಳೆಯದರ ಮಡಚುವ ಕೀಲು ಲೊಡಲೊಡ ಅನ್ನುತ್ತಿತ್ತು. ಅದನ್ನೂ ವೆಲ್ಡ್ ಮಾಡಿ ಮುಚ್ಚಿಬಿಟ್ಟರು. ಗೇಟು ಮಾಡುವವರ ಕಣ್ಣಿಗೆ ಅಲ್ಲಾಡುವುದೆಲ್ಲ ದೋಷ ನೋಡಿ! ಮುಂದಕ್ಕೆ, ಬಿದ್ದರೆ ಕಾಲು ಕಾಯಲೆಂದು, ಹಳೇ ಮಂಚದ ಪೈಪು ಬಗ್ಗಿಸಿ ಕ್ರ್ಯಾಶ್ ಗಾರ್ಡ್. ಅದರ ತುದಿಗೆ ಗೇಟಿನ ಭರ್ಜಿಮೊನೆ ಬೇರೆ. ಇದೇನು ಬೈಕೋ ಕೋಟೆ ಬಾಗಿಲೋ ಎಂದು ನಾನು ನಕ್ಕೆ. ನಾಳೆ ಅದನ್ನು ಬೈಕಿನ ಚೌಕಟ್ಟಾದ ಚಾಸಿಗೇ ವೆಲ್ಡ್ ಮಾಡುವುದು ಅವರ ಲೆಕ್ಕ.

ಸಂಜೆ ಪಕ್ಕದ ಗ್ಯಾರೇಜಿನ ಅಕ್ಕ ಬಂದರು. ಇಪ್ಪತ್ತು ವರ್ಷದಿಂದ ಬೈಕ್ ರಿಪೇರಿ ಮಾಡುವವರು. ಫುಟ್‌ರೆಸ್ಟಿನ ತುದಿಗೆ ಸೀಮೆಸುಣ್ಣ ಬಳಿದು, ಬೈಕನ್ನು ಇಬ್ಬರೂ ಹಿಡಿದು ಮೆಲ್ಲಗೆ ವಾಲಿಸಿ ಎಂದರು. ಫುಟ್‌ರೆಸ್ಟ್ ನೆಲ ಮುಟ್ಟಿ ಸುಣ್ಣದ ಗುರುತು ಬಿತ್ತು. ಇನ್ನೂ ಸ್ವಲ್ಪ ವಾಲಿಸಿದೆವು. ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದು, ಸದ್ದಿಲ್ಲದೆ ಗಾಳಿಯಲ್ಲಿ ತಿರುಗತೊಡಗಿತು. ನೋಡಲು ಚೆಂದವಿತ್ತು. ಅಮ್ಮನ ತೇಲುವ ಬೈಕು ನೆನಪಾಗಿ ನಾನು ಬೈಕನ್ನು ಥಟ್ಟನೆ ನೆಟ್ಟಗೆ ಮಾಡಿದೆ.

“ತಿರುವಲ್ಲಿ ಬೈಕು ವಾಲುತ್ತೆ ತಮ್ಮಾ. ಇದು ಮಡಚಲ್ಲ, ಚಕ್ರಾನೇ ಎತ್ತಿಬಿಡುತ್ತೆ. ಆಗ ಹಿಂದೆ ಕೂತಿರೋರು ಯಾರು?”

“ಗಟ್ಟಿಯಾಗಿದ್ರೆ ತಪ್ಪೇನಕ್ಕ?” ಇವರಿಗಿನ್ನೂ ಅನುಮಾನ.

“ಗೇಟು ನಿಂತಲ್ಲೇ ನಿಲ್ಲುತ್ತೆ. ಬೈಕು ನಿಲ್ಲುತ್ತಾ?”

ಆಗ ಅಮ್ಮ ಕುರ್ಚಿಯಿಂದಲೇ ಮೆಲ್ಲಗೆ ಅಂದಳು: “ನನ್ನ ಮಂಡಿ ಮಡಚ್ಲಿ ಅಂತ ತಾನೇ ಇಷ್ಟೆಲ್ಲಾ ಮಾಡ್ತಿರೋದು ಅಳಿಯಂದ್ರೇ? ಅದೂ ಮಡಚ್ಲಿ ಬಿಡಿ.”

ಇವರು ಕೆಮ್ಮಿ, ತಲೆ ಕೆರೆದುಕೊಂಡು, ಗ್ರೈಂಡರ್ ಎತ್ತಿಕೊಂಡರು. ವೆಲ್ಡಾದ ಕೀಲು ಕಿತ್ತು ಪಿನ್ನು, ಸ್ಪ್ರಿಂಗು ಇರುವ ಹೊಸ ಕೀಲು ಹಾಕಿದರು. ಉದ್ದ ಕತ್ತರಿಸಿದ ಮೇಲೆ ಫುಟ್‌ರೆಸ್ಟ್ ಪಾದದ ಕೆಳಗೆ ಅಗಲವಾಗಿ ಉಳಿಯಿತೇ ಹೊರತು ಹೊರಗೆ ಚಾಚಲಿಲ್ಲ. ಮಂಚದ ಪೈಪು ತೆಳು, ಬಿದ್ದರೆ ಮುರಿದು ಕಾಲಿಗೇ ಚುಚ್ಚುತ್ತದೆ ಎಂದು ಅಕ್ಕ ಅದನ್ನು ಗುಜರಿಗೆ ಹಾಕಿಸಿದರು. ದಪ್ಪ ಪೈಪಿನ, ಮೂಲೆ ದುಂಡಗಿರುವ ಗಾರ್ಡನ್ನು ಬೆಸುಗೆಯ ಕಾವಿಗೆ ಚಾಸಿ ದುರ್ಬಲವಾಗುತ್ತದೆಂದು ವೆಲ್ಡ್ ಮಾಡದೆ ಕ್ಲಾಂಪು, ಬೋಲ್ಟಿನಿಂದ ಬಿಗಿಸಿದರು. ಹ್ಯಾಂಡಲ್ ಪೂರ್ತಿ ತಿರುಗುತ್ತದೆಯೇ, ಬ್ರೇಕಿಗೆ ಕಾಲು ಸಿಗುತ್ತದೆಯೇ ಎಂದೂ ನೋಡಿದರು. ಮತ್ತೆ ವಾಲಿಸಿದಾಗ ಫುಟ್‌ರೆಸ್ಟ್ ಮಡಚಿತು, ಚಕ್ರ ನೆಲ ಬಿಡಲಿಲ್ಲ.

ಈಗ ಆಸ್ಪತ್ರೆ ದಾರಿಯ ತಿರುವು ಬಂದಾಗ ಅಮ್ಮ ಕಣ್ಣು ಮುಚ್ಚುತ್ತಾಳಂತೆ. ಭಯಕ್ಕಲ್ಲ, ತೇಲಿದ ಹಾಗಾಗುತ್ತದಂತೆ.

ನೀವೂ ಮನೆಯಲ್ಲೇ ಮಾಡುವವರಾದರೆ ಮೊದಲು ನಿಮ್ಮೂರಿನ ನಿಯಮ ಕೇಳಿ, ಮಾಡಿದ್ದನ್ನು ಮೆಕ್ಯಾನಿಕ್‌ಗೆ ತೋರಿಸಿ. ಇಂಜಿನ್ ಆಫ್ ಮಾಡಿ, ಸೀಮೆಸುಣ್ಣ ಬಳಿದು, ಇಬ್ಬರು ಹಿಡಿದು ವಾಲಿಸಿ ನೋಡಿ. ಚಕ್ರ ಮೇಲೆದ್ದರೆ, ಅದು ಸರಿಯಾಗುವ ತನಕ ನಿಮ್ಮ ಅಮ್ಮನನ್ನು ಆ ಬೈಕಿನ ಹಿಂದೆ ಕೂರಿಸಬೇಡಿ.