ತಿನ್ನದವರ ಪಾಲು

ಲೋಲಾಕ್ಷಿ ಅಬುಧಾಬಿಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ಅವಳ ಅಡುಗೆಮನೆ ಸಾಲಾಗಿ ಎರಡು ದಿನ ಮೀನಿಲ್ಲದೆ ಇದ್ದದ್ದು ಇದೇ ಮೊದಲು. ಅಲ್ ಮೀನಾದ ಮೀನು ಮಾರ್ಕೆಟ್ಟಿನವರು ಇವಳಿಗೆ ಜ್ವರವೋ ಏನೋ ಎಂದುಕೊಂಡಿರಬೇಕು. ಫ್ರಿಜ್ಜಿನಲ್ಲಿದ್ದ ಒಣಮೀನನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಳಗಿನ ಫ್ಲ್ಯಾಟಿನ ವೆರೋನಿಕಾಳ ಮನೆಗೆ ಗಡೀಪಾರು ಮಾಡಿಯಾಗಿತ್ತು. ಗೋಡೆಗೆ ಮೂಗು ತಾಗಿಸಿ ವಾಸನೆ ನೋಡಿಯೂ ಆಗಿತ್ತು.

ಇಷ್ಟೆಲ್ಲ ಯಾಕೆ ಕೇಳಿ. ರುವೈಸಿನ ರಿಫೈನರಿಯಲ್ಲಿ ಎಂಜಿನಿಯರಾಗಿರುವ ಮಗ ಶ್ರವಣ್ ಒಂದು ಹುಡುಗಿಯನ್ನು ಮೆಚ್ಚಿಕೊಂಡಿದ್ದ. ನಿಸರ್ಗ ಅಂತ ಹೆಸರು, ಮೈಸೂರಿನ ಕಡೆಯವರು, ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಅಪ್ಪ ದ್ವಾರಕನಾಥರು ದುಬೈಯಲ್ಲಿ ಯಾವುದೋ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದರು, ಊದ್ ಮೇಥಾದಲ್ಲಿ ವಾಸ. ಅವರು ಒಪ್ಪಿದ್ದರು. ಒಪ್ಪದವರು ತಾಯಿ ಸುಮಿತ್ರಾ. "ಮಾಂಸ ಬೇಯೋ ಮನೆಗೆ ಮಗಳನ್ನ ಹೇಗ್ರೀ ಕೊಡೋದು? ಒಂದ್ಸಲ ಹೋಗಿ ಆ ಜನಾನ ಕಣ್ಣಾರೆ ನೋಡ್ತೀನಿ. ಆಮೇಲೆ ಹೇಳ್ತೀನಿ," ಎಂದಿದ್ದರಂತೆ. ಆ ನೋಡುವ ದಿನವೇ ಈ ಶನಿವಾರ. ಇವತ್ತು ಆಕೆ ಬೇಡ ಎಂದರೆ ಮುಗಿಯಿತು. ತಾಯಿಯ ಮನಸ್ಸು ನೋಯಿಸಿ ಮದುವೆಯಾಗಲಾರೆ ಎಂದು ನಿಸರ್ಗ ಮೊದಲೇ ಹೇಳಿದ್ದಳು, ಅವಳಿಲ್ಲದೆ ಬೇರೆ ಮದುವೆಯೇ ಬೇಡ ಎಂದು ಮಗರಾಯ ಹಟ ಹಿಡಿದಿದ್ದ.

ಲೋಲಾಕ್ಷಿಯ ಗಂಡ ಮೋಹನದಾಸರು ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಕಂಪನಿಯ ಯಜಮಾನ, ಎಲ್ಲರೂ ಅರಬಾಬ್ ಎಂದು ಕರೆಯುವ ಮುದುಕ ಅಬೂ ರಾಶಿದ್, ಎದುರಿಗೆ ನಿಂತರೆ ಇವರ ಬಾಯಿಯಿಂದ 'ಇಲ್ಲ' ಎಂಬ ಶಬ್ದ ಹೊರಡುವುದಿಲ್ಲ. ಮಗನಿಗೆ ಹೆಣ್ಣು ಕೊಡುವವರು ಬರುತ್ತಿದ್ದಾರೆಂದು ರಜೆ ಕೇಳಲು ಹೋದರೆ, "ರಜೆ ಯಾಕೆ? ನನ್ನ ಫಾರ್ಮಿಗೇ ಕರೆದುಕೊಂಡು ಬಾ. ನಿನ್ನ ಬೀಗರೆಂದರೆ ನನ್ನ ಅತಿಥಿಗಳು. ಅವರಿಗೆ ತಕ್ಕ ಊಟ ನಾನು ಹಾಕಿಸುತ್ತೇನೆ," ಎಂದ ಮುದುಕ. ಅವರು ಸೊಪ್ಪು ತರಕಾರಿ ತಿನ್ನುವವರು ಎಂದು ಹೇಳುವುದಕ್ಕೆ ಏನು ದಾಡಿ? ಈ ಪುಣ್ಯಾತ್ಮರು "ಇನ್ ಶಾ ಅಲ್ಲಾ" ಎಂದು ತಲೆಯಾಡಿಸಿ ಬಂದರು. ಫಾರ್ಮಿನಿಂದ ಮನೆಗೂ ಬಂದಾರೆಂದೇ ಲೋಲಾಕ್ಷಿ ಅಡುಗೆಮನೆಯನ್ನು ಹಾಗೆ ಶುದ್ಧ ಮಾಡಿದ್ದು.

ಫಾರ್ಮು ರುವೈಸ್ ರಸ್ತೆಯಿಂದ ಒಳಗೆ, ಮರಳಿನ ನಡುವೆ. ಸುತ್ತ ಬೇಲಿ, ಬೇಲಿಯೊಳಗೆ ಮುದುಕ ಪ್ರೀತಿಯಿಂದ ಸಾಕಿದ ಚುಕ್ಕೆ ಜಿಂಕೆಗಳು. ಹಿಂಡು ಮೇವಿಗಿಂತ ಹೆಚ್ಚಾದಾಗ ಪರವಾನಗಿ ಪಡೆದು ಒಂದೋ ಎರಡೋ ಗಂಡುಗಳನ್ನು ಅವನೇ ಹೊಡೆಯುವುದು ವಾಡಿಕೆ. ಫೆಬ್ರವರಿ ತಿಂಗಳಾದರೂ ಹತ್ತು ಗಂಟೆಗೆಲ್ಲ ಬಿಸಿಲು ಏರಿತ್ತು. ಒಂದು ಮುಳ್ಳುಮರದ ನೆರಳಲ್ಲಿ ಕಂಬಳಿ ಹಾಸಿ ಎರಡೂ ಮನೆಯವರು ಕೂತಿದ್ದರು. ಖರ್ಜೂರ, ಅರಬರ ಗಾವಾ ಕಾಫಿ. ಸುಮಿತ್ರಾ ತಮ್ಮ ಬುಟ್ಟಿಯಿಂದ ಸೌತೆಕಾಯಿ ತೆಗೆದು ಪುಟ್ಟ ಚಾಕುವಿನಲ್ಲಿ ಹೆಚ್ಚಿ, ಉಪ್ಪು ಸವರಿ ಎಲ್ಲರಿಗೂ ಹಂಚಿದರು. ಲೋಲಾಕ್ಷಿ ಮೂರು ಹೋಳು ತಿಂದಳು. ಮಾತು ನಿಧಾನಕ್ಕೆ ಹದಕ್ಕೆ ಬರುತ್ತಿತ್ತು.

ಆಗಲೇ ದಿಬ್ಬದ ಆಚೆ ಢಂ ಎಂದಿತು.

ಸ್ವಲ್ಪ ಹೊತ್ತಿಗೆ ಅರಬಾಬನೇ ದಿಬ್ಬವಿಳಿದು ಬಂದ. ಎಪ್ಪತ್ತು ದಾಟಿದ ಮುಖದಲ್ಲಿ ಹುಡುಗನ ಖುಷಿ. "ಯಲ್ಲಾ, ಬನ್ನಿ! ನಿಮಗೋಸ್ಕರ!" ಎಂದು ದ್ವಾರಕನಾಥರ ಕೈಹಿಡಿದು ಎಬ್ಬಿಸಿದ. ಏನೋ ತೋರಿಸುತ್ತಾರೆಂದು ಎಲ್ಲರೂ ಹಿಂದೆ ನಡೆದರು. ದಿಬ್ಬದ ಆಚೆ ಮರಳ ಮೇಲೆ ದೊಡ್ಡ ಗಂಡು ಜಿಂಕೆ ಬಿದ್ದಿತ್ತು. ಗುಂಡು ಭುಜಕ್ಕೆ ತಾಗಿತ್ತು, ದೇವರ ಹೆಸರು ಹೇಳಿ ಕತ್ತಿನ ರಕ್ತ ಹರಿಸಿಯೂ ಆಗಿತ್ತು. ಕಣ್ಣು ತೆರೆದೇ ಇತ್ತು.

"ಅಯ್ಯೋ ರಾಮ! ನಮಗೋಸ್ಕರಾನಾ?" ಎಂದರು ಸುಮಿತ್ರಾ.

ಮೋಹನದಾಸರು ಬೆವತು ತೊಪ್ಪೆಯಾದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅರಬಾಬನ ಕಿವಿಯಲ್ಲಿ ಅರಬಿಯಲ್ಲಿ ತೊದಲಿದರು. ಮುದುಕನ ಮುಖ ಸಣ್ಣದಾಯಿತು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಮೊದಲೇ ಹೇಳಿದ್ದರೆ ಇದು ಇವತ್ತು ಓಡಾಡಿಕೊಂಡಿರುತ್ತಿತ್ತಲ್ಲ, ಮೋಹನ್," ಎಂದಷ್ಟೇ ಹೇಳಿ ಜಿಂಕೆಯ ಕಡೆ ನೋಡುತ್ತಾ ನಿಂತ.

ಅಷ್ಟರಲ್ಲಿ ಅಡುಗೆಯ ಹಂಝಾಕ ಚೂರಿ ಹಿಡಿದು ಬಂದ. ಉಪ್ಪಳದವನು, ಬಿರಿಯಾನಿಯಲ್ಲಿ ಎತ್ತಿದ ಕೈ. ಜಿಂಕೆ ಶುಚಿ ಮಾಡುವ ಬಲೂಚಿ ಆಳು ರಜೆಯಲ್ಲಿದ್ದ. ಹಂಝಾಕನಿಗೆ ಗೊತ್ತಿದ್ದದ್ದು ಕೊಕ್ಕೆಗೆ ನೇತುಹಾಕಿದ ಆಡು ಮಾತ್ರ. ಅವನು ಜಿಂಕೆಯ ಸುತ್ತ ಎರಡು ಪ್ರದಕ್ಷಿಣೆ ಬಂದ. "ಹೀಗೇ ಪಿಕಪ್ಪಿಗೆ ಹಾಕಿ ಮನೆಗೆ ಸಾಗಿಸುವ. ಮಧ್ಯಾಹ್ನದ ಮೇಲೆ ನೋಡುವ," ಎಂದ. ಮತ್ತೆ ಏನೋ ನೆನಪಾದವನಂತೆ ಉದ್ದ ಚೂರಿಯ ಮೊನೆಯನ್ನು ಜಿಂಕೆಯ ಹೊಟ್ಟೆಯ ನಡುಮಧ್ಯಕ್ಕೆ ಇಟ್ಟ.

ಲೋಲಾಕ್ಷಿ ಆ ಮೊನೆಯನ್ನೇ ನೋಡಿದಳು. ಅಲ್ಲಿ ಚುಚ್ಚಿದರೆ ಮೇವಿನ ಚೀಲ ಒಡೆಯುತ್ತದೆ, ಒಳಗಿನ ಕೊಳೆಯೆಲ್ಲ ಮಾಂಸಕ್ಕೆ ಹರಿಯುತ್ತದೆ. ಚುಚ್ಚದೆ ಮಧ್ಯಾಹ್ನದವರೆಗೆ ಇಟ್ಟರೂ ಅಷ್ಟೆ. ಒಡಲ ಬಿಸಿ, ಮೇಲಿನ ಬಿಸಿಲು, ಎರಡೂ ಸೇರಿ ಕೆಡಿಸುತ್ತವೆ. ಹೇಗೆ ಮಾಡಿದರೂ ಇಡೀ ಪ್ರಾಣಿ ಮರಳಲ್ಲಿ ಹೂಳುವುದಕ್ಕೇ ಸರಿ.

ಇದೆಲ್ಲ ಅವಳಿಗೆ ಹೇಗೆ ಗೊತ್ತು? ಆ ಗುಟ್ಟನ್ನು ಅವಳು ಮೂವತ್ತು ವರ್ಷದಿಂದ ಗಂಡನಿಗೂ ಹೇಳಿರಲಿಲ್ಲ.

ಕಾರ್ಕಳದ ಕಡೆ ಅವಳ ಅಪ್ಪ ಕೊರಗಪ್ಪ ಊರಿನ ಬೋಂಟೆಯಲ್ಲಿ, ಅಂದರೆ ಬೇಟೆಯ ಗುಂಪಿನಲ್ಲಿ, ಕೋವಿ ಹಿಡಿದವನಲ್ಲ. ಬಿದ್ದ ಪ್ರಾಣಿಯನ್ನು ಕಾಡಿನಲ್ಲೇ ಸೀಳಿ ಬಿಡಿಸುವವನು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಪ್ರಾಣಿಯ ಕಾಲು ಹಿಡಿಯಲು ಲೋಲಾಕ್ಷಿ ಹೋಗುತ್ತಿದ್ದಳು. ಹನ್ನೆರಡಕ್ಕೆ ಚೂರಿಯೂ ಕೈಗೆ ಬಂತು. ಎಲ್ಲ ಬಿಡಿಸಿಯಾದ ಮೇಲೆ ಪಾಲು ಹಾಕುವುದೂ ಅಪ್ಪನೇ. ಅಲ್ಲಿ ನಿಂತವರು ಯಾರೂ ಬರಿಗೈಯಲ್ಲಿ ಹೋಗಕೂಡದು, ದಾರಿಹೋಕನಾದರೂ ಸರಿ, ನಾಯಿಯಾದರೂ ಸರಿ. ಮಾಂಸ ಮುಟ್ಟದ ಗುಡ್ಡದ ಒಡೆಯರು ಬಂದು ನಿಂತರೆ ಅವರಿಗೆ ಕೊಂಬು. ಆಮೇಲೆ ಕಾನೂನು ಬಿಗಿಯಾಯಿತು, ಬೋಂಟೆ ನಿಂತಿತು. ಆದರೆ ಊರಿನ ಬಾಯಿ ನಿಲ್ಲಲಿಲ್ಲ. 'ಹಂದಿಯ ಹೊಟ್ಟೆಗೆ ಕೈ ಹಾಕುವ ಹುಡುಗಿ' ಎಂದು ಎರಡು ಸಂಬಂಧ ಮುರಿದುಬಿತ್ತು. ಮೂರನೆಯದಾಗಿ ಮೋಹನದಾಸರು ಬಂದಾಗ ಅಪ್ಪ ಮಗಳ ಎರಡೂ ಕೈ ಹಿಡಿದುಕೊಂಡು, "ಇದನ್ನು ಇನ್ನು ಯಾರಿಗೂ ಹೇಳಬೇಡ ಮಗಾ. ನನ್ನಿಂದ ನಿನಗೆ ಹೀಗಾಯಿತು," ಎಂದು ಅತ್ತಿದ್ದ. ತನ್ನ ವಿದ್ಯೆಗೆ ತಾನೇ ನಾಚಿಕೊಂಡ ಅಪ್ಪನನ್ನು ಅವಳು ಇವತ್ತಿಗೂ ಮರೆತಿರಲಿಲ್ಲ.

ಸುಮ್ಮನಿದ್ದರೆ ಮದುವೆ ಉಳಿಯುತ್ತದೆ. ಬಾಯಿಬಿಟ್ಟರೆ ಮೂರನೆಯ ಸಂಬಂಧವೂ ಮುರಿಯುತ್ತದೆ, ಈ ಸಲ ಮಗನದು. ಲೋಲಾಕ್ಷಿ ಸೆರಗು ಬಿಗಿಹಿಡಿದು ನಿಂತಳು. ಜಿಂಕೆಯ ಕಣ್ಣಿಗೆ ನೊಣ ಕೂತಿತು. ಹಂಝಾಕ ಚೂರಿ ಒತ್ತಲು ಹೊರಟ.

"ಹಂಝಾಕಾ, ಕೈ ತೆಗೀರಿ!"

ಅವಳದೇ ಧ್ವನಿ, ಅವಳೇ ಬೆಚ್ಚಿದಳು. ಹಂಝಾಕನ ಕೈಯಿಂದ ಚೂರಿ ಬಿತ್ತು.

"ಏ, ನಿನಗೆ ಎಂತ ಆಯ್ತು ಮಾರಾಯ್ತಿ?" ಎಂದರು ಮೋಹನದಾಸರು.

"ಸುಮ್ಮನಿರಿ ನೀವು. ನೀವು 'ಇಲ್ಲ' ಅನ್ನದೇ ಒಂದು ಜೀವ ಹೋಯ್ತು. ಹೋದದ್ದು ಹಾಳಾಗಿಯೂ ಹೋಗ್ಲಿಕ್ಕೆ ನಾನು ಬಿಡುವುದಿಲ್ಲ." ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಳೆ ತೆಗೆದು ಗಂಡನ ಕೈಗಿಟ್ಟಳು. ಮೂವತ್ತು ವರ್ಷ ಜೊತೆಗಿದ್ದವಳನ್ನು ಮೋಹನದಾಸರು ಬಾಯಿ ತೆರೆದು ನೋಡಿದರು. "ಶ್ರವಣಾ, ನಿನ್ನ ಶೂವಿನ ದಾರ ಬಿಚ್ಚು. ಮತ್ತೆ ಸಣ್ಣ ಚಾಕು ಬೇಕು. ಈ ಕತ್ತಿ ಆಗುವುದಿಲ್ಲ."

ಸಣ್ಣ ಚಾಕು ಅಲ್ಲಿ ಇದ್ದದ್ದು ಒಂದೇ, ಸೌತೆಕಾಯಿಯದು. ಅದನ್ನು ಕೇಳುವ ಧೈರ್ಯ ಮಾತ್ರ ಲೋಲಾಕ್ಷಿಗೆ ಬರಲಿಲ್ಲ. ನಿಸರ್ಗ ಒಮ್ಮೆ ಅಮ್ಮನ ಮುಖ ನೋಡಿದಳು, ಕಂಬಳಿಯ ಕಡೆ ಓಡಿ ಚಾಕು ತಂದೇಬಿಟ್ಟಳು.

"ನಿಸರ್ಗಾ!" ಎಂದರು ಸುಮಿತ್ರಾ.

ಲೋಲಾಕ್ಷಿ ಮಂಡಿಯೂರಿದಳು. ತಲೆ ದಿಬ್ಬದ ಮೇಲ್ಗಡೆ ಬರುವಂತೆ ಜಿಂಕೆಯನ್ನು ಅಂಗಾತ ಮಲಗಿಸಿದಳು. ತೆರೆದ ಕಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಸವರಿ ಮುಚ್ಚಿದಳು. ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಅದು. "ಯಾರಾದರೂ ಹಿಂಗಾಲು ಹಿಡೀರಿ," ಎಂದಳು. ಶ್ರವಣ್ ದಾರ ಕೊಡುವಷ್ಟರಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ಕಾರಿನ ಹಿಂದಕ್ಕೆ ಓಡಿದ. ದೊಡ್ಡ ಎಂಜಿನಿಯರು! ಕಾಲು ಹಿಡಿದದ್ದು ನಿಸರ್ಗ. ದುಪಟ್ಟಾ ಮೂಗಿಗೆ ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ, ಆದರೂ ಗಟ್ಟಿಯಾಗಿ.

"ಆಗ್ತದಾ ಮಗಾ ನಿನಗೆ?"

"ಐ ಡೋಂಟ್ ನೋ ಆಂಟಿ. ಮಾತಾಡ್ತಾ ಇರಿ ಪ್ಲೀಸ್. ಏನ್ ಮಾಡ್ತಿದ್ದೀರ ಅಂತ ಹೇಳ್ತಾ ಇರಿ."

ಸರಿ, ಲೋಲಾಕ್ಷಿ ಹೇಳುತ್ತಾ ಹೋದಳು. ಹಿಂದಿನ ದ್ವಾರದ ಸುತ್ತ ಚಾಕು ಆಡಿಸಿ ಬಿಡಿಸಿ ಶೂವಿನ ದಾರದಿಂದ ಬಿಗಿದಳು. "ಇದು ಯಾಕೆ ಅಂದ್ರೆ ಒಳಗಿನ ಹೊಲಸು ಹೊರಗೆ ಬರಬಾರದು." ಎದೆಮೂಳೆಯ ಕೆಳಗೆ ಉಗುರಿನಷ್ಟು ಸೀಳಿದಳು. ಎಡಗೈಯ ಎರಡು ಬೆರಳು ಒಳಗಿಟ್ಟು ಚರ್ಮವನ್ನು ಮೇಲೆತ್ತಿ, ಆ ಬೆರಳುಗಳ ನಡುವೆ ಚಾಕುವಿನ ಬಾಯಿ ಆಕಾಶ ನೋಡುವಂತೆ ಹಿಡಿದು ಕೆಳಗಿನವರೆಗೆ ನಿಧಾನ ತಂದಳು. "ಚಾಕು ಯಾವಾಗಲೂ ಮೇಲ್ಮುಖ. ಕೆಳಮುಖ ಹಿಡಿದ್ರೆ ಚೀಲ ಒಡೀತದೆ. ನನ್ನ ಅಪ್ಪ ಹೇಳ್ತಿದ್ರು, ಬೆರಳು ಮುಂದೆ, ಚೂರಿ ಹಿಂದೆ." ಚರ್ಮ ತೆರೆಯಿತು, ಚೀಲಕ್ಕೆ ಒಂದು ಗೀರೂ ಬೀಳಲಿಲ್ಲ. ಉಚ್ಚೆಯ ಚೀಲದ ಬಾಯಿ ಹಿಸುಕಿ ಹಿಡಿದು ಹಸುಗೂಸನ್ನು ಎತ್ತುವ ಹಾಗೆ ತೆಗೆದು ಪಕ್ಕಕ್ಕಿಟ್ಟಳು. ಪಕ್ಕೆಲುಬಿನ ಒಳಗಿನ ಪರದೆ ಬಿಡಿಸುತ್ತಾ ಅಪ್ಪ ಪಾಲು ಹಾಕುತ್ತಿದ್ದ ರೀತಿಯನ್ನೂ ಹೇಳಿದಳು. ಮೊಣಕೈಯವರೆಗೆ ಒಳಗೆ ಕೈಹಾಕಿ, ಕಣ್ಣು ಮುಚ್ಚಿ, ಕತ್ತಿನ ಬುಡದಲ್ಲಿ ಉಸಿರಿನ ಕೊಳವೆಯನ್ನು ಹುಡುಕಿ ಕೊಯ್ದಳು.

"ಈಗ ಕಾಲು ಎಳಿ. ನಿನ್ನ ಕಡೆಗೆ ಮಗುಚು."

ನಿಸರ್ಗ ಎಳೆದಳು. ಜಿಂಕೆ ಪಕ್ಕಕ್ಕೆ ಮಗುಚಿತು, ಒಳಗಿನದೆಲ್ಲ ಒಂದೇ ಸಲಕ್ಕೆ, ಇಡಿಯಾಗಿ, ಹರಿಯದೆ ಹೊರಬಂತು. ಅರಬಾಬ್ "ಮಾಶಾ ಅಲ್ಲಾ" ಎಂದು ಗಟ್ಟಿಯಾಗಿಯೇ ಹೇಳಿಬಿಟ್ಟ. ಹಂಝಾಕ ನೀರಿನ ಕ್ಯಾನು ತಂದರೆ ಲೋಲಾಕ್ಷಿ ಗದರಿದಳು. "ನೀರು ತಾಗಿಸಬೇಡಿ, ನೀರು ಬಿದ್ರೆ ಬೇಗ ಕೆಡ್ತದೆ. ಒಣಬಟ್ಟೆ ಕೊಡಿ." ಒಳಗೆಲ್ಲ ಒರೆಸಿದಳು, ಪಕ್ಕೆಲುಬು ಅಗಲಿಸಿ ನಡುವೆ ಕೋಲು ಕೊಟ್ಟಳು, ಗಾಳಿಯಾಡಲೆಂದು. ಪಿತ್ತಜನಕಾಂಗವನ್ನು ಬೆಳಕಿಗೆ ಹಿಡಿದು ನೋಡಿದಳು. ಕಲೆಯಿಲ್ಲ, ರೋಗವಿಲ್ಲ. ನೆರಳಿಗೆ ಸಾಗಿಸಿ ತೆಳುಬಟ್ಟೆ ಹೊದಿಸಿದರು. ಎಲ್ಲ ಸೇರಿ ಅರ್ಧ ಗಂಟೆ.

ಎದ್ದು ನಿಂತ ಮೇಲೆ ಅವಳಿಗೆ ತನ್ನ ಕೈ ಕಾಣಿಸಿತು. ಮೊಣಕೈವರೆಗೆ ಕೆಂಪು. ಎದುರಿಗೆ ಸುಮಿತ್ರಾ. ಮೂವತ್ತು ವರ್ಷ ಬಚ್ಚಿಟ್ಟದ್ದೆಲ್ಲ ಅರ್ಧ ಗಂಟೆಯಲ್ಲಿ ಬಟಾಬಯಲು. ಹೋಯಿತು, ಮಗನ ಬಾಳು ನನ್ನ ಕೈಯಾರೆ ಕೆಡಿಸಿದೆ ಎಂದುಕೊಂಡಳು.

ಸುಮಿತ್ರಾ ನೀರಿನ ಬಾಟಲಿಯ ಮುಚ್ಚಳ ತೆಗೆದರು. ಮುಖ ಅತ್ತ ತಿರುಗಿಸಿಕೊಂಡೇ ಲೋಲಾಕ್ಷಿಯ ಕೈಗೆ ನೀರು ಹೊಯ್ದರು. ಒಂದು ಬಾಟಲಿ ಮುಗಿಯಿತು, ಇನ್ನೊಂದು ತೆಗೆದರು.

"ನಿಮ್ಮ ಚಾಕು..." ಎಂದಳು ಲೋಲಾಕ್ಷಿ, ತಲೆ ತಗ್ಗಿಸಿ. "ಹೊಸದು ತಂದುಕೊಡ್ತೇನೆ ಅಕ್ಕಾ. ತಪ್ಪಾಯ್ತು."

"ಆ ಚಾಕು ನಿಮ್ಮ ಹತ್ರಾನೇ ಇರ್ಲಿ. ನನಗೆ ಬೇಡ, ಸುಳ್ಳು ಹೇಳಲ್ಲ." ಆಕೆ ಖಾಲಿ ಬಾಟಲಿಯ ಮುಚ್ಚಳ ತಿರುಗಿಸಿದರು. "ನನಗೆ ನೋಡೋಕಾಗ್ಲಿಲ್ಲ. ಆದ್ರೂ ನೀವು ಅದರ ಕಣ್ಣು ಮುಚ್ಚಿದ್ರಲ್ಲ, ಅದು ನೋಡ್ದೆ. ಯಾರ್ರೀ ಕಲಿಸಿದ್ದು?"

"ನನ್ನ ಅಪ್ಪ." ಮತ್ತೆ ತಲೆಯೆತ್ತಿ, ಈ ಸಲ ಗಂಡನಿಗೂ ಕೇಳುವ ಹಾಗೆ ಹೇಳಿದಳು. "ಕೊರಗಪ್ಪ ಅಂತ. ಏಳು ಊರಿಗೆ ಅವರಂಥ ಕೈ ಇರಲಿಲ್ಲ."

ಮೋಹನದಾಸರು ಹತ್ತಿರ ಬಂದರು. ಬಳೆಗಳನ್ನು ಒಂದೊಂದಾಗಿ ಅವಳ ಒದ್ದೆ ಕೈಗೆ ತೊಡಿಸಿದರು.

ಪಾಲು ಹಾಕುವ ಕೆಲಸವನ್ನು ಅರಬಾಬ್ ಅವಳಿಗೇ ಬಿಟ್ಟ. ಮೇವು ಹಾಕುವವರಿಗೆ, ಕಾವಲಿನವನಿಗೆ, ಹಂಝಾಕನಿಗೆ, ಮುದುಕನ ಮನೆಗೆ, ಕೊನೆಗೆ ಅವನು ಸಾಕಿದ ಗಿಡುಗಕ್ಕೂ ಒಂದು ತುಂಡು. ಅವಳು ಸುಮಿತ್ರಾ ಇದ್ದ ಕಡೆ ಕಣ್ಣೆತ್ತದೆ ಹಂಚಿದಳು. ಬಿಡಿಸಿಟ್ಟ ಕೊಂಬು ಮಾತ್ರ ಬಟ್ಟೆಯ ಪಕ್ಕದಲ್ಲಿ ಹಾಗೇ ಉಳಿಯಿತು. ಕೊಡಬೇಕೆಂದು ಅಪ್ಪನ ಲೆಕ್ಕ. ಆದರೆ ನೋಡಲಾಗಲಿಲ್ಲ ಎಂದ ಹೆಂಗಸಿನ ಮುಂದೆ ಸತ್ತ ಜಿಂಕೆಯ ಕೊಂಬು ಹಿಡಿಯುವುದು ಹೇಗೆ?

ದುಬೈಯವರು ತಮ್ಮ ಬುಟ್ಟಿ, ಬಾಟಲಿಗಳನ್ನೆಲ್ಲ ಕಾರಿಗೆ ತುಂಬಿಸಿದರು. ದ್ವಾರಕನಾಥರು ಸ್ಟೀರಿಂಗ್ ಹಿಡಿದು ಕೂತರು. ನಿಸರ್ಗ ಹತ್ತಿದಳು. ಸುಮಿತ್ರಾ ಹತ್ತಲಿಲ್ಲ. ಅಷ್ಟು ದೂರ ಮರಳಲ್ಲಿ ಚಪ್ಪಲಿ ಎಳೆಯುತ್ತಾ ವಾಪಸ್ಸು ಬಂದರು.

"ಕಾಲು ಹಿಡ್ಕೊಂಡಿದ್ದಾಗ ನನ್ನ ಮಗಳಿಗೆ ಹೇಳಿದ್ರಂತೆ. ನಿಮ್ಮಪ್ಪ ನಿಂತವರನ್ನ ಯಾರನ್ನೂ ಬರಿಗೈಲಿ ಕಳಿಸ್ತಿರಲಿಲ್ಲ ಅಂತ."

"ಹೌದು," ಎಂದಳು ಲೋಲಾಕ್ಷಿ.

ಸುಮಿತ್ರಾ ಎರಡೂ ಕೈ ಮುಂದೆ ಚಾಚಿದರು.

"ಮತ್ತೆ ನಾವೂ ಅಷ್ಟೊತ್ತಿಂದ ನಿಂತಿದ್ದೀವಲ್ರೀ. ಎಲ್ರಿಗೂ ಕೊಟ್ರಿ. ನಮ್ಮ ಪಾಲು ಎಲ್ಲಿ, ಬೀಗಿತ್ತಿ?"