ಗೋಡೆಯ ಕೆಟ್ಟ ಸುಳಿ

೨೦೨೫ರ ಜೂನ್ ೧೯, ಗುರುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ನಂದಿದುರ್ಗದ ಹಳೆಯ ಚಿನ್ನದ ಗಣಿಯ ಸೈನೈಡ್ ಮಣ್ಣಿನ ದಿಬ್ಬದಿಂದ ಇಳಿದ ಗಾಳಿ ಮುನಿನಾರಾಯಣಮ್ಮಜ್ಜಿಯ ಕೊಟ್ಟಿಗೆಯ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಬಂಗಾರಪೇಟೆಯ ನವ್ಯ ಆ ಗೋಡೆಯ ಪಕ್ಕ ಕೂದಲಿಗಿಂತ ತೆಳುವಾದ ಬಿಸಿ ತಂತಿಗಳನ್ನು ನಿಲ್ಲಿಸಿಕೊಂಡು ಗಾಳಿ ಅಳೆಯುತ್ತ ಕೂತಿದ್ದಳು. ಪಿಎಚ್‌ಡಿ ಎಂದರೆ ಸಗಣಿ ವಾಸನೆಯೂ ಸೇರುತ್ತದೆಂದು ಮನೆಯಲ್ಲಿ ಹೇಳಿರಲಿಲ್ಲ.

ಗಾಳಿಯ ದೊಡ್ಡ ಸುಳಿಗಳು ಒಡೆದು ಚಿಕ್ಕ ಸುಳಿಗಳಾಗುತ್ತವೆ. ಶಕ್ತಿ ಹಾಗೇ ಇಳಿಯುತ್ತ ಕೊನೆಗೆ ಬಿಸಿಯಾಗಿ ಕರಗುತ್ತದೆ. ಗೋಡೆಗೆ ತೀರ ಹತ್ತಿರದಲ್ಲಿ ಮಾತ್ರ ಚಿಕ್ಕವು ದೊಡ್ಡವಕ್ಕೆ ಶಕ್ತಿ ಹಿಂದಿರುಗಿಸುವುದೂ ಉಂಟು ಎಂಬುದು ನವ್ಯಳ ವಾದ. ಗೈಡ್ ಸುಧಾಕರ್ ಒಪ್ಪಿರಲಿಲ್ಲ. ವಿದ್ಯಾರ್ಥಿಗಳು ಬರೆದ ಲೇಖನಗಳಿಗೆಲ್ಲ ತಮ್ಮ ಹೆಸರನ್ನೇ ಮೊದಲು ಹಾಕಿಸಿಕೊಂಡು ಬಂದ ಆ ಮಹನೀಯರು, ಕೆಳಗಿನಿಂದ ಮೇಲಕ್ಕೆ ಏನೂ ಬರುವುದಿಲ್ಲವೆಂದು ದೃಢವಾಗಿ ನಂಬಿದ್ದರು.

ಉಪಕರಣ ನಾಳೆ ಬೇರೆಯವರ ಪಾಲು. ಸಂಜೆಯೊಳಗೆ ಅಂಥ ಸುಳಿ ಸಿಗದಿದ್ದರೆ ಪ್ರಬಂಧದ ಆ ಅಧ್ಯಾಯಕ್ಕೆ ಎಳ್ಳುನೀರು. ತಂತಿಯನ್ನು ಗೋಡೆಗೆ ಇನ್ನಷ್ಟು ಹತ್ತಿರ ಸರಿಸೋಣವೆಂದರೆ, ತಾಗಿದರೆ ತುಂಡು. “ತುಂಡಾದ್ರೆ ಅಲ್ಲೇ ಹಾಲು ಕರ್ಕೊಂಡಿರಿ” ಎಂದು ಸುಧಾಕರ್ ಪ್ರೀತಿಯಿಂದ ತಿಳಿಸಿದ್ದರು.

“ಗೋಡೆ ಹತ್ರಾನೇ ಸುಳಿ ಇದೆ ಸರ್, ಹಿಡಿಯೋಕೆ ಆಗ್ತಿಲ್ಲ” ಎಂದು ಫೋನಿನಲ್ಲಿ ಗೋಗರೆಯುತ್ತ, ಸಿಗ್ನಲ್ ಹುಡುಕಿಕೊಂಡು ನವ್ಯ ರಸ್ತೆಗೆ ಹೋದಳು. ವಾಪಸ್ಸು ಬಂದಾಗ ಗೋಡೆ ಹಸಿ ಸಗಣಿಯಲ್ಲಿ ಮಿನುಗುತ್ತಿತ್ತು.

“ಅಜ್ಜೀ! ಏನ್ ಮಾಡಿಬಿಟ್ರಿ?”

“ಅಸೂಗೆ ಕೆಟ್ಟ ಸುಳಿ ಇದ್ರೆ ಮಾರಿಬುಡ್ತೀವಿ. ಗೋಡೆ ಮಾರಾಕಾಯ್ತದಾ? ಅದ್ಕೇ ದಪ್ಪಕೆ ಮೆತ್ತಿ ಮುಚ್ಚಿಬುಟ್ಟೆ.”

“ಅದು ಗಾಳಿ ಸುಳಿ ಅಜ್ಜಿ, ಹಸು ಮೈಮೇಲಿನ ಸುಳಿಯಲ್ಲ!”

“ಓದಿದೋಳು ನೀನೇ ಅಲ್ವಾ ಏಳಿದ್ದು? ನೀ ಬಂದಾಗ್ನಿಂದ ಅಸ ಕೊಡೋ ಆಲೂ ಕಮ್ಮಿ. ನಿನ್ ತಂತಿ ಸೋಕಿಲ್ಲ, ಬುಡು. ಅರಚಬ್ಯಾಡ, ಅಸ ಬೆದರ್ತದೆ.”

ಸಗಣಿ ಒಣಗುವ ತನಕ ನವ್ಯ ತಲೆ ಮೇಲೆ ಕೈಹೊತ್ತು ಕೂತಳು. ಬೇರೆ ದಾರಿಯಿಲ್ಲದೆ ಮತ್ತೆ ಅಳೆಯತೊಡಗಿದರೆ, ಲ್ಯಾಪ್‌ಟಾಪಿನಲ್ಲಿ ಗೆರೆ ಸೊನ್ನೆಯ ಕೆಳಗೆ ಇಳಿಯಿತು: ಶಕ್ತಿ ಚಿಕ್ಕದರಿಂದ ದೊಡ್ಡದಕ್ಕೆ ಹರಿಯುತ್ತಿತ್ತು. ತಂತಿಯನ್ನು ಗೋಡೆಗೆ ಒಯ್ಯಲು ಅವಳಿಗೆ ಧೈರ್ಯವಿರಲಿಲ್ಲ; ಗೋಡೆಯೇ ತಂತಿಯ ಬಳಿಗೆ ಬಂದಿತ್ತು.

“ನಾನು ಮೊದಲಿಂದ್ಲೂ ಇದನ್ನೇ ಹೇಳ್ತಿದ್ದೆ” ಎಂದರು ಸುಧಾಕರ್, ಫೋನಿನಲ್ಲಿ ಸುದ್ದಿ ಕೇಳಿ. “ಗೋಡೆಯಿಂದ ಎಷ್ಟು ದೂರದಲ್ಲಿ ತೆಗೆದ್ರಿ?”

ಬೆಳಿಗ್ಗೆ ಆರು ಮಿಲಿಮೀಟರ್ ಇತ್ತು. ನವ್ಯ ರಸ್ತೆಯಿಂದ ವಾಪಸ್ಸು ಬಂದು ಸಗಣಿಯ ಮೇಲ್ಮೈಯಿಂದ ಮತ್ತೊಮ್ಮೆ ಅಳೆದಳು: ೧.೪ ಮಿಲಿಮೀಟರ್.