ಏಣಿ ಮೇಲೆಳೆದ ಮೇಲೆ

"ಕಂಬದ ಬುಡಕ್ಕೆ ಎಲೆಯಡ್ಕೆ ಉಗೀತೀಯೇನೇ ಮುದಿಗೊಡ್ಡು? ನಿಮ್ಮಪ್ಪನ ಮನೆ ಅಂದ್ಕೊಂಡಿದ್ದೀಯಾ?"

ಕೆಳಗೆ ನಿಂತು ಬಾಯಿ ಮಾಡುತ್ತಿದ್ದವನು ಅನಾನಸ್ ತೋಟದ ಧಣಿ ಬಾಲ್ದೊಮೆರೊ. ಕಂಬಗಳ ಮೇಲೆ ಎತ್ತರಕ್ಕೆ ಏಳುತ್ತಿದ್ದ ಮನೆಯಲ್ಲಿ ಮುದುಕಿ ಡಲಿನ್ ಬಿದಿರಿನ ನೆಲ ಹೆಣೆಯುತ್ತಲೇ ಇದ್ದಳು. ಅದು ನಿಜಕ್ಕೂ ಅವಳಪ್ಪನ ಮನೆಯಿದ್ದ ಜಾಗವೇ. ಹೋದ ವರ್ಷ ಇದೇ ಧಣಿ ಬುಲ್ಡೋಜರ್ ಬಿಟ್ಟು ನೆಲಸಮ ಮಾಡಿಸಿದ್ದ. ಅಂದಿನಿಂದ ಮುದುಕಿಗೆ ರಸ್ತೆ ಬದಿಯ ಟಾರ್ಪಾಲೇ ಸೂರು. ಈಗ ಮನಿಲಾದ ದೊಡ್ಡವರು ಇಲ್ಲಿನ ಬ್ಲಾನ್ ಬುಡಕಟ್ಟಿನವರ ಮನೆ ನೋಡಲು ಬರುತ್ತಾರಂತೆ, ಕೆಡವಿದಲ್ಲೇ ಒಂದು ಕಟ್ಟಿಕೊಡಿ ಎಂದು ಅದೇ ಬಾಯಿ ಅಪ್ಪಣೆ ಮಾಡಿತ್ತು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ.

"ಭಾನುವಾರ ಮಣಿ ಕುಪ್ಪಸ ಹಾಕ್ಕೊಂಡು ಒಳಗ್ ಕೂತ್ಕೊ. ನಗ್ತಾ ಇರು. ಅವ್ರು ಹೋದ್ಮೇಲೆ ಜಾಗ ಖಾಲಿ ಮಾಡು."

"ಒಲೆ ಹಚ್ಬೋದಾ, ಧಣಿ?"

"ಹಚ್ಚು. ಹೊಗೆ ಇದ್ರೆ ಫೋಟೋ ಚೆನ್ನಾಗ್ ಬರ್ತದೆ."

ಅಷ್ಟರಲ್ಲಿ ಎಡಗಡೆಯ ಪೊದೆಯಿಂದ ಅಲ್ಮುಗನ್ ಕೂಗಿತು, ಶಕುನದ ಕಾಡುಪಾರಿವಾಳ. ಮನೆ ಕಟ್ಟುತ್ತಿದ್ದವರೆಲ್ಲ ಕತ್ತಿ ಕೆಳಗಿಟ್ಟರು.

"ಹಕ್ಕಿ ಕೂಗಿದ್ರೆ ರಜಾನೇನ್ರೋ, ಸೋಮಾರಿ ನನ್ಮಕ್ಳಾ?"

"ಇವತ್ತು ಕಬ್ಬಿಣ ಮುಟ್ಟಿದವನ ರಕ್ತ ಬೀಳ್ತದೆ ಧಣಿ," ಎಂದ ಡಲಿನ್‌ಳ ತಮ್ಮ ಕಫಿಯಾ. "ಬೇಕಾದ್ರೆ ನೀವೇ ಮುಟ್ಟಿ ನೋಡಿ."

ಧಣಿ ಮುಟ್ಟಲಿಲ್ಲ. ಬಾಯಿಗೆ ಬಂದದ್ದು ಬೈದು ಹೋದ.

ಭಾನುವಾರ ಅದೇ ಹಕ್ಕಿಯ ಕಥೆಯನ್ನು, ಬಿಳಿ ಅಂಗಿ ತೊಟ್ಟು, ತನ್ನ ತಾತನ ಆಸ್ತಿಯೇನೋ ಎಂಬಂತೆ ಅತಿಥಿಗಳಿಗೆ ಹೇಳಿದ. "ಹಕ್ಕಿ ಕೂಗ್ತೋ, ಮುಗೀತು. ಕೊಡಲಿ ಮುಟ್ಟಲ್ಲ ಇವ್ರು. ಇಂಥ ಸಂಸ್ಕೃತಿ ನಾವು ಕಾಪಾಡ್ಬೇಕು."

ಅತಿಥಿಗಳು ತಲೆದೂಗಿದರು. ಧಣಿ ಹೇಳಿಕೊಟ್ಟಂತೆ ನಗುತ್ತಾ ಡಲಿನ್ ಕಚ್ಚು ಹೊಡೆದ ಮರದ ಏಣಿ ಹತ್ತಿದಳು. ಒಳಗೆ ಹೋಗಿದ್ದೇ ಏಣಿಯನ್ನೂ ಮೇಲಕ್ಕೆಳೆದುಕೊಂಡಳು. ಅತಿಥಿಗಳು ಚಪ್ಪಾಳೆ ತಟ್ಟಿದರು.

"ಏಣಿ ಬಿಡೇ," ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದ.

"ಏಣಿ ಎಳ್ಕೊಂಡ್ಮೇಲೆ ಯಾರೂ ಕರೀಬಾರ್ದು, ಧಣಿ. ನಮ್ಮ ಪದ್ಧತಿ."

"ಇವ್ರು ಹೋಗ್ಲಿ, ನಿನ್ ಕಾಲ್ ಮುರೀತೀನಿ."

"ಅವ್ರು ಹೋಗ್ಲಿ ಬಿಡಿ. ನಾನ್ ಮನೇಗ್ ಬಂದಾಯ್ತು."

ಧಣಿಯ ತಾಳ್ಮೆ ಕಿತ್ತುಹೋಯಿತು. "ಕಫಿಯಾ, ಕೊಡಲಿ ತಾರೋ. ಕಂಬ ಕಡಿ."

ಕಫಿಯಾ ಎಷ್ಟು ನಿಧಾನವಾಗಿ ತರಬಹುದೋ ಅಷ್ಟು ನಿಧಾನವಾಗಿ ತಂದ. ಎತ್ತಿದ. ಅವನ ಎಡಗಡೆ, ಬಿದಿರ ತಟ್ಟಿಯ ಹಿಂದಿನಿಂದ, ಅಲ್ಮುಗನ್ ಕೂಗಿತು. ಚಿಕ್ಕಂದಿನಲ್ಲಿ ಕಳೆ ಕೀಳುವುದು ತಪ್ಪಿಸಿಕೊಳ್ಳಲು ಅಕ್ಕ ಹೀಗೇ ಕೂಗುತ್ತಿದ್ದಳು. ಕಫಿಯಾ ಕೊಡಲಿಯನ್ನು ಭಕ್ತಿಯಿಂದ ನೆಲಕ್ಕಿಟ್ಟ.

"ಹಕ್ಕಿ ಕೂಗ್ತು, ಧಣಿ."

"ಯಾವ ಹಕ್ಕೀನೋ, ಲೌಡಿಮಗನೆ? ಕೂಗಿದ್ದು ಆ ಮುದುಕಿ!"

ಮನಿಲಾದ ಹೆಂಗಸೊಬ್ಬಳು ಧಣಿಯ ತೋಳು ಹಿಡಿದಳು. "ನನಗೂ ಕೇಳಿಸ್ತು. ಇವತ್ತು ಬೇಡ. ನೀವೇ ಹೇಳಿದ್ರಲ್ಲ."

"ಹಾಗಾದ್ರೆ ನಾಳೆ ಕಡೀತೀಯೇನೋ?"

"ಅದು ಹಕ್ಕಿಗ್ ಬಿಟ್ಟಿದ್ದು," ಎಂದ ಕಫಿಯಾ.

ಬಿಸಿಲು ಚುರುಗುಟ್ಟುತ್ತಿತ್ತು. ಧಣಿ ಬೇರೆ ದಾರಿ ಕಾಣದೆ ಮನೆಯಡಿಯ ನೆರಳಿಗೆ ಬಂದು ಕಂಬಕ್ಕೆ ಒರಗಿದ. ಮೇಲೆ ಒಲೆ ಹತ್ತಿತ್ತು, ಸುಟ್ಟ ಗೆಣಸಿನ ವಾಸನೆ ಬರುತ್ತಿತ್ತು.

"ಧಣಿ, ಅವತ್ತು ಕೇಳಿದ್ರಲ್ಲ," ಡಲಿನ್ ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡೇ ಹೇಳಿದಳು. "ಹೌದು. ನಮ್ಮಪ್ಪನ್ ಮನೇನೇ."

ಬಿದಿರಿನ ಸಂದಿಗೆ ಬಗ್ಗಿ ಕಂಬದ ಬುಡಕ್ಕೇ ಉಗಿದಳು. ನಡುವೆ ಧಣಿಯ ಬಿಳಿ ಅಂಗಿ ಇತ್ತು.